ಮಡಿಕೆಗೆ ಬಿದ್ದ ಅಂಟು

ಜನವರಿ ೮

ಡಾಕ್ಟರಮ್ಮನವರಿಗೆ,

ಒಂಬತ್ತು ವರ್ಷದ ಮೇಲೆ ಅಣ್ಣನ ಕಾಗದ ಬಂತು ಎಂದು ಕಣ್ಣೊರೆಸಿಕೊಳ್ಳಬೇಡ. ನಾನೇನೂ ರಾಜಿಗೆ ಬಂದಿಲ್ಲ. ಅಪ್ಪನ ಹೆಣದ ಮುಂದೆ ನಿಂತು ನಾನು ಇಟ್ಟ ಆಣೆ ನಿನಗೂ ನೆನಪಿರಬಹುದು. "ಈ ಎದೇಲಿ ಹೃದಯ ಇರೋವರೆಗೂ ಇವಳ ಜೊತೆ ಮಾತಾಡಲ್ಲ" ಅಂದಿದ್ದೆ. ಮಾತಾಡಲ್ಲ ಅಂದಿದ್ದೆನೇ ಹೊರತು ಬರೆಯಲ್ಲ ಅಂದಿರಲಿಲ್ಲ. ಈ ಸಂದು ಹುಡುಕಿ ಕೊಟ್ಟವಳು ನಿನ್ನ ಅತ್ತಿಗೆ. ವಕೀಲಳಾಗಬೇಕಿದ್ದವಳು, ನನ್ನ ಕೈಗೆ ಸಿಕ್ಕಿ ಹಾಳಾದಳು.

ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳಿಂದ ಹಾರ್ಮೋನಿಯಂ ಅಂಗಡಿಯ ಮೆಟ್ಟಿಲು ಹತ್ತಿದರೆ ಏದುಸಿರು. ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿಯೊಳಗೆ ಹೋಗುವುದಿಲ್ಲ. ಅತ್ತಿಗೆ ಹೃದಯದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವನಿಗೆ ಇನ್ನೂ ಹಾಲುಹಲ್ಲು ಬಿದ್ದಂತಿಲ್ಲ. ಎದೆಗೆ ತಣ್ಣಗೆ ಏನೋ ಲೋಳೆ ಸವರಿ, ಟಿವಿ ನೋಡುತ್ತಾ, "ನಿಮ್ಮ ಹಾರ್ಟ್ ದೊಡ್ಡದಾಗಿದೆ" ಅಂದ. ನಾನು ಹೆಂಡತಿಯ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ, ಇಷ್ಟು ವರ್ಷ ಜಿಪುಣ ಜಿಪುಣ ಅಂತಿದ್ದೆಯಲ್ಲ" ಅಂದೆ. ಅವನು ನಗಲಿಲ್ಲ. ನಗು ಬಾರದವರನ್ನೇ ಆರಿಸಿ ಡಾಕ್ಟರ್ ಮಾಡುತ್ತಾರೆಂಬುದು ನಿನ್ನನ್ನು ನೋಡಿದಾಗಲೇ ಗೊತ್ತಿತ್ತು.

ಆಮೇಲೆ ಚೀಟಿಯ ಮೇಲೆ ಹಾರ್ಟ್ ಫೇಲ್ಯೂರ್ ಎಂದು ಬರೆದ. ನಾನು ಶಾಲೆಯಲ್ಲಿ ಸಾಕಷ್ಟು ಸಲ ಫೇಲಾದವನು, ಆ ಮಾತಿನ ಅರ್ಥ ನನಗೆ ಗೊತ್ತು. ಹೃದಯ ಫೇಲಾಗಿದ್ದರೆ ನಾನು ಕುಳಿತು ನಿನಗೆ ಬೈದು ಬರೆಯಲು ಆಗುತ್ತಿತ್ತೇ? ಎರಡು ಮಾತ್ರೆ ಕೊಟ್ಟಿದ್ದಾನೆ. ಒಂದು ಉಚ್ಚೆ ಹೊಯ್ಯಿಸುತ್ತದೆ. ಇನ್ನೊಂದು ಬಡಿತವನ್ನು ನಿಧಾನ ಮಾಡುತ್ತದಂತೆ. ಸೋತ ಹೃದಯವನ್ನು ಇನ್ನಷ್ಟು ನಿಧಾನ ಮಾಡುವ ಬುದ್ಧಿವಂತರು ನಿಮ್ಮ ಜಾತಿಯಲ್ಲೇ ಹುಟ್ಟಬೇಕು.

ನಿನಗೆ ಜೀವಂತ ರೋಗಿಗಳಿಗಿಂತ ಮೈಕ್ರೋಸ್ಕೋಪಿನ ಕೆಳಗಿನ ಅವರ ಚೂರುಗಳ ಪರಿಚಯವೇ ಹೆಚ್ಚು. ಸತ್ತ ಅಪ್ಪನ ಎದೆಯನ್ನೇ ಸೀಳಿಸಿ ನೋಡಿದವಳು ನೀನು. ಆದರೂ ಕೇಳುತ್ತಿದ್ದೇನೆ. ಇವನು ನನಗೆ ಟೋಪಿ ಹಾಕುತ್ತಿದ್ದಾನಾ? ಒಂದೇ ಸಾಲಿನಲ್ಲಿ ಉತ್ತರ ಬರಿ.

ನಿನ್ನ ಅಣ್ಣನಾಗಿ ಹುಟ್ಟಿದ ತಪ್ಪಿಗೆ,
ತಿದಿ

*

ಜನವರಿ ೧೯

ತಿದಿಯಣ್ಣನಿಗೆ,

ಇಲ್ಲ.

ನೀನು ಕೇಳಿದ ಒಂದು ಸಾಲು ಮುಗಿಯಿತು. ಉಳಿದದ್ದನ್ನು ಅತ್ತಿಗೆಗಾಗಿ ಬರೆಯುತ್ತಿದ್ದೇನೆ. ಅವಳ ಹತ್ತಿರ ಗಟ್ಟಿಯಾಗಿ ಓದಿಸಿಕೋ, ನಿನ್ನ ಓದು ನನಗೆ ಗೊತ್ತು.

ಹೃದಯ ದೊಡ್ಡದಾಗಿದೆ ಎಂಬುದು ಹೊಗಳಿಕೆಯಲ್ಲ. ಅದು ಜೋತುಬಿದ್ದಿದೆ ಎಂದರ್ಥ. ಚಿಕ್ಕಂದಿನಲ್ಲಿ ಕೆನ್ನೆ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂರುತ್ತಿದ್ದೆ ಅಂತ ಅಪ್ಪ ನಿನಗೆ ಹಾರ್ಮೋನಿಯಂನ ಗಾಳಿಚೀಲದ ಹೆಸರನ್ನೇ ಇಟ್ಟರು, ತಿದಿ ಎಂದು. ಈಗ ಎದೆಯೊಳಗಿನದೂ ಹಾಗೆಯೇ ಉಬ್ಬಿ ಕೂತಿದೆ. ಫೇಲ್ ಎಂದರೆ ನಿಂತುಹೋಯಿತು ಎಂದಲ್ಲ, ಕೈಲಾಗುತ್ತಿಲ್ಲ ಎಂದು. ನೀನು ಗಣಿತದಲ್ಲಿ ಫೇಲಾದಾಗ ಸತ್ತುಹೋಗಲಿಲ್ಲವಲ್ಲ.

ಕಳೆದ ವರ್ಷ ನಿನಗೆ ಜ್ವರ, ಎದೆ ನೋವು ಬಂದು, ಮಲಗು ಎಂದು ಅತ್ತಿಗೆ ಹೇಳಿದರೂ ಕೇಳದೆ ಆರ್ಡರ್ ಮುಗಿಸಬೇಕೆಂದು ಅಂಗಡಿಯಲ್ಲೇ ಬಿದ್ದಿದ್ದೆಯಂತೆ. ಅತ್ತಿಗೆ ನನಗೆ ಫೋನಿನಲ್ಲಿ ಹೇಳಿದ್ದಳು. (ಹೌದು, ನಾವು ಪ್ರತಿ ವಾರ ಮಾತಾಡುತ್ತೇವೆ. ಉರಿದುಕೋ.) ಆ ಜ್ವರದ ವಿಷ ಹೃದಯದ ಮಾಂಸಕ್ಕೆ ಇಳಿದಿರಬೇಕು. ಅದನ್ನು ಓಡಿಸಲು ಮೈಯ ಕಾವಲು ಕಣಗಳು ಬರುತ್ತವೆ, ಕಾದಾಡುತ್ತವೆ, ಜಾಗ ಊದಿಕೊಳ್ಳುತ್ತದೆ. ಅದೇ ಉರಿಯೂತ. ಕೆಲಸ ಮುಗಿದ ಮೇಲೆ ಅವು ಹೊರಡಬೇಕು. ಕೆಲವರಲ್ಲಿ ಹೊರಡುವುದಿಲ್ಲ. ಮದುವೆಗೆ ಬಂದ ನೆಂಟರು ಅಲ್ಲೇ ಬಿಡಾರ ಹೂಡಿ ಕೋಣೆಗಳನ್ನೆಲ್ಲ ತಮಗೆ ಬೇಕಾದಂತೆ ಬದಲಾಯಿಸಿಕೊಂಡರೆ ಹೇಗೋ ಹಾಗೆ. ಸತ್ತ ಮಾಂಸದ ಜಾಗಕ್ಕೆ ಮೈ ನಾರು ತುಂಬುತ್ತದೆ. ನಾರು ಹಿಡಿಯುತ್ತದೆ, ಆದರೆ ಬಡಿಯುವುದಿಲ್ಲ. ಉಳಿದ ಮಾಂಸ ಅದರ ಪಾಲಿನದನ್ನೂ ಹೊತ್ತು ಹಿಗ್ಗುತ್ತದೆ. ಹೀಗೆ ಹೃದಯ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತಾ ಕೆಡುತ್ತದೆ. ಇಲ್ಲಿ ರಿಪೇರಿಯೇ ರೋಗ.

ನಿಧಾನದ ಮಾತ್ರೆ ಯಾಕೆ ಎಂದರೆ, ರಕ್ತ ಸಾಲುತ್ತಿಲ್ಲವೆಂದು ಗಾಬರಿಬಿದ್ದ ಮೈ ಹೃದಯದ ಬೆನ್ನಿಗೆ ಬಾರಿಸುತ್ತಲೇ ಇರುತ್ತದೆ. ಆ ಹೊಡೆತ ತಪ್ಪಿಸುವುದೇ ಮಾತ್ರೆಯ ಕೆಲಸ. ನುಂಗು. ಉಪ್ಪು ಕಡಿಮೆ ಮಾಡು, ನಿನ್ನ ಮಾತಿನಲ್ಲಿ ಇರುವ ಉಪ್ಪುಖಾರವೇ ಸಾಕು.

ಸೂಜಿ

*

ಫೆಬ್ರವರಿ ೧೧

ಸೂಜಿ,

ನಿನ್ನ ಪ್ರವಚನ ತಲುಪಿತು. ಅತ್ತಿಗೆಯ ಕೈಲಿ ಓದಿಸಿಕೊಳ್ಳಲಿಲ್ಲ, ನಾನೇ ಓದಿದೆ. ರಿಪೇರಿಯೇ ರೋಗ ಎಂದು ಬರೆದಿದ್ದೀಯ. ಯಾರಿಗೆ? ಹುಟ್ಟಿದಾಗಿನಿಂದ ಹಾರ್ಮೋನಿಯಂ ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿರುವವನಿಗೆ. ಆ ರಿಪೇರಿಯ ಅನ್ನ ತಿಂದೇ ನೀನೂ ಡಾಕ್ಟರಾದದ್ದು. ಉಂಡ ಮನೆಗೆ ಎರಡು ಬಗೆಯುವುದು ನಿನಗೆ ಹೊಸದಲ್ಲ.

ನೆಂಟರ ಕಥೆಯನ್ನು ಬೇರೆ ಯಾರಿಗಾದರೂ ಹೇಳು. ನಮ್ಮ ಮನೆಗೆ ಬಂದ ನೆಂಟರು ಮಾರನೇ ದಿನವೇ ನನ್ನ ಮುಖ ನೋಡಿ ಚೀಲ ತೆಗೆದುಕೊಳ್ಳುತ್ತಾರೆ. ನನ್ನ ಎದೆಯಲ್ಲಿ ಯಾರೂ ಬಿಡಾರ ಹೂಡಲಾರರು.

ಮಾತ್ರೆ ಎರಡನ್ನೂ ಬಿಟ್ಟಿದ್ದೇನೆ. ತಿದಿಗೆ ಚರ್ಮ ಕೂರಿಸುವಾಗ ಬಿಸಿ ಅಂಟು ಆರುವುದರೊಳಗೆ ಕೆಲಸ ಮುಗಿಯಬೇಕು. ನಡುವೆ ಉಚ್ಚೆಗೆ ಓಡಿದರೆ ಅಂಟು ಗಟ್ಟಿಯಾಗಿ ಚರ್ಮ ಸೊಟ್ಟ ಕೂರುತ್ತದೆ. ಗಿರಾಕಿಗೆ ಏನು ಹೇಳಲಿ, ನನ್ನ ಹೃದಯ ದೊಡ್ಡದು ಅಂತಲೇ? ಇನ್ನೊಂದು ಮಾತ್ರೆ ನುಂಗಿದರೆ ಕೂತಲ್ಲೇ ತೂಕಡಿಕೆ. ಬಿಟ್ಟ ಮೇಲೆ ಚೆನ್ನಾಗಿದ್ದೇನೆ.

ನಿಜವಾದ ರೋಗ ನೋಡಬೇಕಿದ್ದರೆ ನನ್ನ ಮೇಜಿಗೆ ಬಾ. ನೀನು ಓದಿದ ಶಾಲೆಯಿಂದ ಒಂದು ಹಳೇ ಹಾರ್ಮೋನಿಯಂ ಪೆಟ್ಟಿಗೆ ಬಂದಿದೆ. ಯಾವನೋ ಕೈಲಾಗದವನು ತಿದಿಯ ಮಡಿಕೆಗೇ ಅಂಟು ಬಳಿದಿದ್ದಾನೆ. ಮಡಿಕೆ ಕಟ್ಟಿಗೆಯಾಗಿದೆ, ಮಡಚುವುದಿಲ್ಲ, ಪಕ್ಕದಲ್ಲೆಲ್ಲ ಬಿರುಕು. ಮಡಿಕೆಗೆ ಅಂಟು ಮುಟ್ಟಿಸಬೇಡ ಎಂದು ಅಪ್ಪ ನಮಗೆ ಅಕ್ಷರಕ್ಕಿಂತ ಮುಂಚೆ ಕಲಿಸಿದ್ದರು. ಇಂಥ ಕೆಲಸ ಮಾಡಿದವನು ಸಿಕ್ಕಿದ್ದರೆ ಅವನ ಕೈ ಮೇಲೆ ಅದೇ ಅಂಟು ಸುರಿಯುತ್ತಿದ್ದೆ.

ಅಪ್ಪನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಮಗಳು ಅಂಗಡಿ ಕಲಿಯಲಿಲ್ಲ, ಊರು ಬಿಟ್ಟಳು ಎಂಬ ಕೊರಗಿನಲ್ಲಿ ಅವರು ಹೋದರು. ಅದನ್ನು ಯಾವ ನೆಂಟರ ಮೇಲೂ ಹಾಕಬೇಡ. ಕೊರಗು ಕೊಟ್ಟವಳೇ ಆಮೇಲೆ ಎದೆ ತೆರೆದು ನೋಡಿದೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಅದೇ.

ತಿದಿ

*

ಮಾರ್ಚ್ ೨

ಸೂಜಿಗೆ ಅತ್ತಿಗೆ ಮಾಡುವ ಆಶೀರ್ವಾದ.

ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದ ಮಂಚದಲ್ಲೇ ಕಿವಿ ನೆಟ್ಟು ಕೂತಿದ್ದಾರೆ. ಕೂತಿದ್ದಾರೆ ಎಂದೆ, ಮಲಗಲು ಆಗುತ್ತಿಲ್ಲ. ಮಲಗಿದರೆ ನೀರಿನಲ್ಲಿ ಮುಳುಗಿದಂತೆ ಒದ್ದಾಡುತ್ತಾರೆ. ಆಸ್ಪತ್ರೆಗೆ ಸೇರಿಸಿದ್ದೇನೆ. ಮಾತ್ರೆಗಳನ್ನು ನುಂಗುತ್ತಿದ್ದಾರೆ ಎಂದುಕೊಂಡಿದ್ದೆ, ಸ್ಕ್ರೂ ಡಬ್ಬಿಯಲ್ಲಿ ಸಿಕ್ಕವು. ಇಂಥ ಬುದ್ಧಿವಂತನಿಗೆ ಕೊಟ್ಟರಲ್ಲ ನನ್ನನ್ನು ಎಂದು ನಮ್ಮಮ್ಮನಿಗೆ ಮನಸ್ಸಿನಲ್ಲೇ ಬೈದೆ.

ಡಾಕ್ಟರು ಬಯಾಪ್ಸಿ ಮಾಡಬೇಕು ಅನ್ನುತ್ತಿದ್ದಾರೆ. ಕುತ್ತಿಗೆಯ ನರದಿಂದ ಸಣ್ಣ ಕೊಳವೆ ಇಳಿಸಿ ಹೃದಯದಿಂದ ಎಳ್ಳುಕಾಳಿನಷ್ಟು ಚೂರು ತೆಗೆಯುವುದಂತೆ. ಒಳಗಿನ ಉರಿ ಆರಿದೆಯೋ ಇನ್ನೂ ಇದೆಯೋ ಗೊತ್ತಾಗಬೇಕಂತೆ. ಇದ್ದರೆ ಆರಿಸುವ ಔಷಧಿ ಇದೆ, ಆದರೆ ನೋಡದೆ ಅದನ್ನು ಕೊಡುವ ಹಾಗಿಲ್ಲ, ತಡ ಮಾಡುವ ಹಾಗೂ ಇಲ್ಲ ಎಂದರು. ಇವರು ಆ ಉಸಿರಿನಲ್ಲೂ ಕೂಗಾಡಿದರು. "ಅಪ್ಪನ್ನ ಕುಯ್ದಿದ್ದು ಸಾಲದು ಅಂತ ನನ್ನನ್ನೂ ಕುಯ್ತಾರಾ? ಅವಳೇ ಹೇಳಿಕೊಟ್ಟಿರ್ತಾಳೆ" ಅಂದರು. ಸಹಿ ಹಾಕಲ್ಲ ಎಂದು ಪೆನ್ನನ್ನು ಕಿಟಕಿಯಿಂದ ಎಸೆದರು. ಅದು ಡಾಕ್ಟರ ಪೆನ್ನು.

ನಿಮ್ಮಿಬ್ಬರ ಜಗಳದಲ್ಲಿ ಯಾರು ಸರಿ ಎಂದು ನಾನು ಯಾವತ್ತೂ ಕೇಳಿಲ್ಲ, ಈಗಲೂ ಬೇಕಿಲ್ಲ. ನನಗೆ ಗಂಡ ಬೇಕು. ಅವರು ನಿನ್ನ ಮಾತನ್ನು ಮಾತ್ರ ಕೇಳುತ್ತಾರೆ, ಬೈಯುವುದಕ್ಕಾಗಿಯಾದರೂ. ಬರಿ.

ಅತ್ತಿಗೆ

*

ಮಾರ್ಚ್ ೫

ಅಣ್ಣಾ,

ಪೆನ್ನು ಎಸೆದೆಯಂತೆ. ಶೂರ. ನಿಂತು ಎಸೆದೆಯೋ, ದಿಂಬಿಗೆ ಒರಗಿಕೊಂಡು ಎಸೆದೆಯೋ?

ಅಪ್ಪನ ಎದೆ ಯಾಕೆ ತೆರೆಸಿದೆ ಎಂದು ಒಂಬತ್ತು ವರ್ಷದಲ್ಲಿ ನೀನು ಒಂದು ಸಲವೂ ಕೇಳಲಿಲ್ಲ. ತೆರೆಸಿದಳು ಎಂದು ಊರಿಗೆಲ್ಲ ಸಾರಿದೆ, ಕೇಳಲಿಲ್ಲ. ನಾನೇ ಹೇಳುತ್ತೇನೆ. ಅಪ್ಪ ಅಂಗಡಿಯಲ್ಲಿ ಕುಸಿದರು ಎಂಬ ಸುದ್ದಿ ಬಂದಾಗ ನೀನು ಹೇಳಿದ ಮೊದಲ ಮಾತು "ನೀನೇ ಕೊಂದೆ" ಎಂಬುದು. ನಾನು ಅದನ್ನು ನಂಬಿದೆ. ಮಗಳು ಊರು ಬಿಟ್ಟರೆ ಹೃದಯ ಒಡೆಯುತ್ತದೋ ಇಲ್ಲವೋ, ನನಗೆ ಗೊತ್ತಾಗಬೇಕಿತ್ತು. ಗೊತ್ತಾಗದೆ ಬದುಕಲು ನನ್ನಿಂದ ಆಗುತ್ತಿರಲಿಲ್ಲ. ಮೊಸರಿನಲ್ಲಿ ಕಲ್ಲು ಹುಡುಕುವವಳು ಎಂದು ನೀನು ಆಡಿಕೊಳ್ಳುವೆಯಲ್ಲ, ಅವತ್ತು ಹುಡುಕಿದ್ದು ನನ್ನ ತಪ್ಪನ್ನು.

ಸಿಗಲಿಲ್ಲ. ಅಪ್ಪನ ಹೃದಯದ ಚೂರು ಅಂಟಿಸಿದ ಗಾಜಿನ ಸ್ಲೈಡ್ ಈಗಲೂ ನನ್ನ ಹತ್ತಿರ ಇದೆ. ನಾವು ಹಾಕುವ ಬಣ್ಣಕ್ಕೆ ಹೃದಯದ ಮಾಂಸ ಕೆಂಪಾಗುತ್ತದೆ, ನಾರು ನೀಲಿಯಾಗುತ್ತದೆ. ಅಪ್ಪನದರಲ್ಲಿ ಕೆಂಪಿಗಿಂತ ನೀಲಿ ಹೆಚ್ಚು. ಅಷ್ಟು ನೀಲಿ ಒಂದೆರಡು ವರ್ಷದ್ದಲ್ಲ, ನಾನು ಊರು ಬಿಡುವುದಕ್ಕೂ ಎಷ್ಟೋ ಮುಂಚಿನದು. ನೀಲಿಯ ಅಂಚಿನಲ್ಲಿ ಒಂದು ಕಡೆ ಕಾವಲು ಕಣಗಳು ಇನ್ನೂ ಗುಂಪು ಕಟ್ಟಿದ್ದವು. ಬೂದಿ ಮುಚ್ಚಿದ ಕೆಂಡ. ಯಾರಾದರೂ ಮುಂಚೆ ನೋಡಿದ್ದರೆ ಆರಿಸಬಹುದಿತ್ತೇನೋ. ಅವರು ಯಾರಿಗೂ ತೋರಿಸಲಿಲ್ಲ, ನಾವು ಯಾರೂ ಕೇಳಲಿಲ್ಲ. ಅಪ್ಪ ಸುಸ್ತಾಗುವುದನ್ನು ವಯಸ್ಸು ಅಂದುಕೊಂಡೆವು.

ನಿನ್ನ ಎದೆಯಲ್ಲಿ ಇರುವುದೂ ಅದೇ ಎಂದು ನಾನು ಹೇಳುತ್ತಿಲ್ಲ. ನೋಡದೆ ಹೇಳುವುದು ನಿನ್ನ ಪದ್ಧತಿ, ನನ್ನದಲ್ಲ. ಕೆಂಡ ಇದ್ದರೆ ಈಗ ಆರಿಸಬಹುದು. ನೀಲಿಯಾದ ಮೇಲೆ ಯಾವ ಔಷಧಿಯೂ ಅದನ್ನು ಕೆಂಪು ಮಾಡುವುದಿಲ್ಲ. ನೀನು ಸಹಿ ಹಾಕದಿದ್ದರೆ ಆಮೇಲೆ ನಾನು ಬಂದು ಸಹಿ ಹಾಕಿ ನಿನ್ನನ್ನೂ ಪೂರ್ತಿ ಸೀಳಿಸಬೇಕಾಗುತ್ತದೆ. ಎಳ್ಳುಕಾಳು ಕೊಡುತ್ತೀಯೋ, ಇಡೀ ಹೃದಯ ಕೊಡುತ್ತೀಯೋ, ನೀನೇ ನೋಡು.

ಇದನ್ನು ಬರೆಯುವಾಗ ಅಳುತ್ತಿದ್ದೇನೆ. ಅದು ನಿನಗಾಗಿ ಅಲ್ಲ ಎಂದು ತಿಳಿದುಕೋ.

ಸೂಜಿ

*

ಮಾರ್ಚ್ ೯

ಸೂಜಿ,

ನಿನ್ನ ಕಾಗದ ಓದಿ ಮಡಚಿ ದಿಂಬಿನ ಕೆಳಗೆ ಹಾಕಿದೆ. ನೀಲಿ ಕೆಂಪು ಎಲ್ಲ ನಿನ್ನ ಕಣ್ಣಿನ ಆಟ, ಬೇಕಾದ ಬಣ್ಣ ಹಾಕಿದರೆ ಬೇಕಾದ್ದು ಕಾಣುತ್ತದೆ ಅಂದುಕೊಂಡೆ. ಇವತ್ತು ಬೆಳಿಗ್ಗೆ ಶಾಲೆಯ ಸಂಗೀತದ ಮೇಷ್ಟ್ರು ನನ್ನನ್ನು ನೋಡಲು ಬಂದಿದ್ದರು. ನೋಡಲು ಎಂದರೆ ಪೆಟ್ಟಿಗೆ ಯಾವಾಗ ಸಿಗುತ್ತದೆ ಎಂದು ಕೇಳಲು. ಕಿತ್ತಳೆ ತಂದಿದ್ದರು, ಹುಳಿ.

ನಾನು ಸುಮ್ಮನಿರಲಾರದೆ, "ಆ ತಿದಿ ಕೆಡಿಸಿದ ಅನಾಮಧೇಯ ಯಾರು ಮೇಷ್ಟ್ರೇ?" ಅಂದೆ. ಅವರು ಮುಜುಗರಪಟ್ಟುಕೊಂಡು ಹೇಳಿದರು: "ನಿಮ್ಮ ತಂದೆಯವರೇ ಮಾಡಿಕೊಟ್ಟಿದ್ದು. ನಿಮ್ಮ ತಂಗಿ ಕೆಲಸಕ್ಕೆ ಅಂತ ಊರು ಬಿಡೋಕೆ ಎರಡು ವರ್ಷ ಮುಂಚೆ."

ಸುಳ್ಳು ಅಂದೆ. ಹೆಂಡತಿಯನ್ನು ಅಂಗಡಿಗೆ ಅಟ್ಟಿ ತಿದಿಯನ್ನು ಇಲ್ಲಿಗೇ ತರಿಸಿದೆ. ಅದನ್ನು ಹಾಸಿಗೆ ಮೇಲೆ ಹರಡಿದ್ದಕ್ಕೆ ನರ್ಸ್ ನನ್ನನ್ನು ತಿಂದುಹಾಕುವಂತೆ ನೋಡಿದಳು. ಚರ್ಮದ ಒಳಗಡೆ ತೇಪೆ ಇತ್ತು. ಎಬ್ಬಿಸಿದೆ. ನೀಲಿ ಬಟ್ಟೆ. ನಿನ್ನ ಶಾಲೆಯ ಲಂಗದ ಬಟ್ಟೆ, ನೆರಿಗೆಯ ಗುರುತು ಇನ್ನೂ ಇದೆ. ಅಪ್ಪ ಅದನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದರು, ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಸೂಜಿ, ಅಪ್ಪ ಪ್ರಾಣ ಹೋದರೂ ಮಡಿಕೆಗೆ ಅಂಟು ಹಚ್ಚಿದವರಲ್ಲ. ತೇಪೆಯನ್ನು ಹೊಲಿದು, ಮಡಿಕೆ ಬಿಟ್ಟು ಎರಡೂ ಕಡೆ ಅಂಟಿಸಬೇಕು. ಅದಕ್ಕೆ ಉಸಿರು ಬಿಗಿಹಿಡಿದು ಬಗ್ಗಿ ಕೂರಬೇಕು. ಇಲ್ಲಿ ಅರ್ಧ ಹೊಲಿಗೆ ಇದೆ. ಮುಂದಕ್ಕೆ ಸುಮ್ಮನೆ ಅಂಟು ಸುರಿದಿದ್ದಾರೆ. ಕೈ ಸೋತಿದೆ. ನೀನು ಊರು ಬಿಡುವುದಕ್ಕೆ ಎರಡು ವರ್ಷ ಮುಂಚೆಯೇ ಅವರ ಕೈ ಸೋತಿತ್ತು. ನಾನು ದಿನಾ ಅದೇ ಮೇಜಿನ ಎದುರಿಗೆ ಕೂರುತ್ತಿದ್ದೆ.

ನೀನು ಪುಟಗಟ್ಟಲೆ ಬರೆಯುವ ಬದಲು ಮಡಿಕೆಗೆ ಅಂಟು ಬಿದ್ದಿದೆ ಎಂದು ಒಂದು ಮಾತು ಬರೆದಿದ್ದರೆ ನನಗೆ ಜನವರಿಯಲ್ಲೇ ಅರ್ಥವಾಗುತ್ತಿತ್ತು. ಇಷ್ಟು ಓದಿದರೂ ಹೇಳಲು ಬರುವುದಿಲ್ಲ ನಿನಗೆ.

ಸಹಿ ಹಾಕುತ್ತೇನೆ. ಆದರೆ ಆ ಚೂರನ್ನು ನೀನೇ ನೋಡಬೇಕು. ಹಾಲುಹಲ್ಲಿನವನ ಮೇಲೆ ನನಗೆ ನಂಬಿಕೆಯಿಲ್ಲ. ನೀನು ಕಲ್ಲು ಹುಡುಕುವವಳು, ಇದ್ದರೆ ಬಿಡುವುದಿಲ್ಲ. ಬಾ. ಬಂದರೂ ನಾನು ಮಾತಾಡುವುದಿಲ್ಲ, ಆಣೆ ಆಣೆಯೇ.

ತಿದಿ

*

ಮಾರ್ಚ್ ೨೧

ಅಣ್ಣಾ,

ನೀನು ನಿಜಕ್ಕೂ ಮಾತಾಡಲಿಲ್ಲ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಮಲಗಿ, ಔಷಧದ ಡಬ್ಬಿಯ ರಟ್ಟಿನ ಮೇಲೆ "ತೆಳ್ಳಗಾಗಿದ್ದೀಯ, ಚೆನ್ನಾಗಿ ಕಾಣಲ್ಲ" ಎಂದು ಬರೆದು ಅತ್ತಿಗೆಯ ಕೈಲಿ ನನಗೆ ಕೊಡಿಸಿದೆ. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಐವತ್ತು ದಾಟಿದ ಗಂಡಸು. ನರ್ಸು ನಮ್ಮಿಬ್ಬರನ್ನೂ ನೋಡಿ ಇವರಲ್ಲಿ ಯಾರಿಗೆ ಕಿವಿ ಕೇಳಲ್ಲ ಎಂದು ಅತ್ತಿಗೆಯನ್ನು ಕೇಳಿದಳು. "ಇಬ್ಬರಿಗೂ" ಅಂದಳು ಅತ್ತಿಗೆ.

ಸ್ವಂತ ಅಣ್ಣನ ಚೂರನ್ನು ನಮ್ಮ ಲ್ಯಾಬಿಗೆ ತಂದರೂ ನಾನೊಬ್ಬಳೇ ನೋಡಿ ಹೇಳುವಂತಿಲ್ಲ. ನಮ್ಮ ಹಿರಿಯ ಡಾಕ್ಟರು ಮೊದಲು ನೋಡಿದರು. ಅವರು ಕನ್ನಡಕ ತೆಗೆದು ಎದ್ದು ಕುರ್ಚಿ ಬಿಟ್ಟುಕೊಟ್ಟರು, ನಾನು ಕೂತೆ. ಮೈಕ್ರೋಸ್ಕೋಪನ್ನು ನನ್ನ ಕಣ್ಣಿಗೆ ಹೊಂದಿಸಿಕೊಂಡೆ.

ಇದೆ. ಕೆಂಡ ಇದೆ, ಚೆನ್ನಾಗಿಯೇ ಉರಿಯುತ್ತಿದೆ. ನಿನ್ನ ನೆಂಟರು ನಿನ್ನ ಮುಖಕ್ಕೂ ಹೆದರಿಲ್ಲ. ನಿನ್ನ ಡಾಕ್ಟರಿಗೆ ಫೋನಿನಲ್ಲೇ ಹೇಳಿದ್ದೇನೆ, ಇವತ್ತಿನಿಂದಲೇ ಆರಿಸುವ ಔಷಧಿ ಶುರು ಮಾಡುತ್ತಾರೆ. ಅದರಿಂದ ಮುಖ ಊದುತ್ತದೆ, ಹಸಿವು ಹೆಚ್ಚುತ್ತದೆ, ಸಿಟ್ಟು ಬರುತ್ತದೆ ಎನ್ನುತ್ತಾರೆ. ಕೊನೆಯದು ನಿನ್ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ನೀಲಿಯೂ ಇದೆ. ಮುಚ್ಚಿಡುವುದಿಲ್ಲ. ಅದು ಹೋಗುವುದಿಲ್ಲ. ಮೊದಲಿನಂತೆ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವ ಅಣ್ಣ ಇನ್ನು ಸಿಗುವುದಿಲ್ಲ. ಆದರೆ ಅಪ್ಪನಷ್ಟು ನೀಲಿಯಲ್ಲ, ಅರ್ಧವೂ ಅಲ್ಲ. ಕೆಂಪು ಬೇಕಾದಷ್ಟಿದೆ. ಅದನ್ನು ನೋಡಿ ಹಿರಿಯ ಡಾಕ್ಟರ ಮುಂದೆಯೇ ಅತ್ತುಬಿಟ್ಟೆ. ಈ ಸಲ ನಿನಗಾಗಿ.

ಮಾತ್ರೆಗಳನ್ನು ಸ್ಕ್ರೂ ಡಬ್ಬಿಗೆ ಹಾಕಿದರೆ ಅತ್ತಿಗೆ ನನಗೆ ಹೇಳುತ್ತಾಳೆ. ನಾನು ಆಣೆ ಇಟ್ಟವಳಲ್ಲ, ಬಂದು ಅಂಗಡಿಯ ಮುಂದೆ ನಿಂತು ಗಿರಾಕಿಗಳೆಲ್ಲ ಕೇಳುವಂತೆ ಮಾತಾಡುತ್ತೇನೆ.

ಸೂಜಿ

*

ಜುಲೈ ೬

ಡಾಕ್ಟರಮ್ಮನವರಿಗೆ,

ನಿನ್ನ ಔಷಧಿಯಿಂದ ನನ್ನ ಮುಖ ಕುಂಬಳಕಾಯಿಯಾಗಿದೆ. ಗಿರಾಕಿಗಳು ಚೆನ್ನಾಗಿದ್ದೀರಿ ಅನ್ನುತ್ತಾರೆ, ಇಷ್ಟು ದಿನ ಹೇಗಿದ್ದೆನೋ. ಪಾದದ ಊತ ಇಳಿದಿದೆ. ಒಂದೇ ದಿಂಬಿನ ಮೇಲೆ ಮಲಗುತ್ತೇನೆ. ಹಾಲುಹಲ್ಲಿನವನು ಮತ್ತೆ ಟಿವಿ ನೋಡಿ, ಹೃದಯ ಸ್ವಲ್ಪ ಚಿಕ್ಕದಾಗಿದೆ ಎಂದು ಸಂತೋಷಪಟ್ಟ. "ನಮ್ಮೆಜಮಾನ್ರು ಮತ್ತೆ ಜಿಪುಣರಾದ್ರು" ಅಂದಳು ನಿನ್ನ ಅತ್ತಿಗೆ. ಈ ಸಲ ಅವನು ನಕ್ಕ. ಹಲ್ಲು ಚೆನ್ನಾಗಿಯೇ ಇವೆ.

ಉಚ್ಚೆಯ ಮಾತ್ರೆಯನ್ನು ಬೆಳಿಗ್ಗೆ ಎದ್ದ ತಕ್ಷಣ ನುಂಗಿ, ಅಂಟಿನ ಕೆಲಸವನ್ನು ಮಧ್ಯಾಹ್ನಕ್ಕೆ ಹಾಕಿಕೊಂಡಿದ್ದೇನೆ. ಡಾಕ್ಟರೇ ಒಪ್ಪಿದ್ದು, ನಿನಗೆ ಬೈಯಲು ಅವಕಾಶವಿಲ್ಲ. ಮೆಟ್ಟಿಲ ನಡುವೆ ಒಂದು ಸ್ಟೂಲು ಹಾಕಿಸಿದ್ದೇನೆ. ಕೂತು ಹತ್ತುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು, ಈಗ ಅಲ್ಲಿ ಕೂತು ದಾರಿಹೋಕರಿಗೆ ಬೈಯುವುದು ಅಭ್ಯಾಸವಾಗಿದೆ.

ಶಾಲೆಯ ಪೆಟ್ಟಿಗೆಗೆ ಹೊಸ ತಿದಿ ಹಾಕಿ ಕೊಟ್ಟೆ. ಅಪ್ಪನ ಹಳೇ ತಿದಿಯನ್ನು ಬಿಸಾಡಲಿಲ್ಲ. ಮೇಜಿನ ಎದುರು ಮೊಳೆಗೆ ನೇತುಹಾಕಿದ್ದೇನೆ. ಬಂದವರು ಈ ಹರಕು ಯಾಕೆ ಎಂದು ಕೇಳುತ್ತಾರೆ. ಮಡಿಕೆಗೆ ಅಂಟು ಬಿದ್ದರೆ ಹೀಗಾಗುತ್ತದೆ, ಕೈ ಸೋತವರನ್ನು ಮನೆಯವರು ಮುಂಚೆಯೇ ನೋಡಬೇಕು ಅನ್ನುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ. ಜನ ದಡ್ಡರು.

ಒಂದು ಕೆಲಸ ಇದೆ. ಅಪ್ಪನ ಗಾಜು ನಿನ್ನ ಹತ್ತಿರ ಇದೆಯಲ್ಲ, ನನ್ನದನ್ನೂ ಅದರ ಪಕ್ಕದಲ್ಲೇ ಇಡು. ನಡುವೆ ಬೇರೆಯವರ ಗಾಜು ಇಡಬೇಡ. ಅಪ್ಪ ಬಲಗಡೆ ಕೂರುತ್ತಿದ್ದರು, ನಾನು ಎಡಗಡೆ.

ಮತ್ತೆ ಆಣೆಯ ವಿಷಯ. ಈ ಎದೆಯಲ್ಲಿ ಹೃದಯ ಇರೋವರೆಗೂ ಮಾತಾಡಲ್ಲ ಅಂದಿದ್ದೆ. ನಿನ್ನ ಅತ್ತಿಗೆಯನ್ನು ಕೂರಿಸಿಕೊಂಡು ಆ ಮಾತನ್ನು ಮತ್ತೆ ಪರೀಕ್ಷೆ ಮಾಡಿದೆ. ಈಗ ಈ ಎದೆಯಲ್ಲಿ ಇರುವುದು ಪೂರ್ತಿ ಹೃದಯ ಅಲ್ಲ. ಎಳ್ಳುಕಾಳಿನಷ್ಟು ನಿನ್ನ ಹತ್ತಿರ ಇದೆ. ವಕೀಲಮ್ಮ ಒಪ್ಪಿದಳು.

ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ಮೊದಲು ನೀನೇ ಮಾತಾಡುತ್ತಿರು. ನನಗೆ ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ನಿನ್ನ ಅಣ್ಣ,
ತಿದಿ